ಹಿತ್ತಲ ಮರದ ಹೆಜ್ಜಾರ್ಲೆ

ಹಕ್ಕಿ, ಪ್ರಾಣಿ ನೋಡಬೇಕೆಂದರೆ ನಮಗೆ ಥಟ್ಟನೆ ನೆನಪಾಗುವುದು ಬಂಡೀಪುರ, ನಾಗರಹೊಳೆ, ಸಫಾರಿ ಜೀಪು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಇದಾವುದೂ ಬೇಡ. ಊರಬೀದಿಯಲ್ಲಿ ನಿಂತು ತಲೆಯೆತ್ತಿದರೆ ಸಾಕು. ಚಳಿಗಾಲಕ್ಕೆ ಬರುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಮಗ್ಗುಲಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಮೇಲೆ ಮರಿಗಳ ಗದ್ದಲ, ಕೆಳಗೆ ಕಟ್ಟಿದ ದನ.

ನೋಡಲು ಹೋದವರಿಗೆ ಇದು ಸೊಗಸು. ಅಲ್ಲೇ ಬಾಳುವವರಿಗೆ? ಮೀನು ತಿನ್ನುವ ಹಕ್ಕಿಗಳ ಹಿಕ್ಕೆಯ ನಾತ ತಿಂಗಳುಗಟ್ಟಲೆ ಇರುತ್ತದೆ. ಗೂಡಿರುವ ಮರದಲ್ಲಿ ಹುಣಸೆ ಬಡಿಯುವಂತಿಲ್ಲ. ಆದರೂ ಊರವರು ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಕಾಣುತ್ತಾರೆ. ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡುತ್ತಾರೆ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಹಾರಿಬಿಡುತ್ತಾರೆ. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಆದರೆ ಹಕ್ಕಿಗಳನ್ನು ಅಲ್ಲಿ ಉಳಿಸಿದ್ದು ಈ ಜನರ ತಾಳ್ಮೆ ಎಂದೇ ನನ್ನ ನಂಬಿಕೆ.

ಮಾಘ, ಫಾಲ್ಗುಣದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ. ಹಾರ್ನ್ ಮಾಡಬೇಡಿ, ಡ್ರೋನ್ ಹಾರಿಸಬೇಡಿ. ಯಾರ ಹಿತ್ತಲಲ್ಲಿ ನಿಲ್ಲುತ್ತೀರೋ ಅವರನ್ನು ಮೊದಲು ಕೇಳಿ, ಊರಿನ ಅಂಗಡಿಯಲ್ಲೇ ಟೀ ಕುಡಿಯಿರಿ.