ಅಂಜಿಯೂ ನಿಂತ ಬಸವಣ್ಣ

(ಐಹೊಳೆಯಲ್ಲಿ ನಡೆದ ಶರಣ ಚಿಂತನ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಐಹೊಳೆಯಲ್ಲಿ ನಿಂತು ಮಾತಾಡುವವರಿಗೆ ಮಲಪ್ರಭೆಯ ನೆನಪು ಬಾರದೆ ಇರದು. ಈ ಹೊಳೆ ಎಂ.ಕೆ. ಹುಬ್ಬಳ್ಳಿಯಲ್ಲಿ ತಾಯಿ ಗಂಗಾಂಬಿಕೆಯ ಐಕ್ಯಸ್ಥಳವನ್ನು ಮುಟ್ಟಿ, ಈ ಊರ ಪಕ್ಕ ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕಲ್ಯಾಣದಲ್ಲಿ ಆದ ನೋವು ಈ ನೀರಿಗೆ ಗೊತ್ತು. ಇಂಥ ನೆಲದಲ್ಲಿ ನಾನು ಇವತ್ತು ಎತ್ತಿಕೊಂಡ ವಿಷಯ ಕೆಲವರಿಗೆ ಇರುಸುಮುರುಸಾಗಬಹುದು. ಅಂಜಿದ ಬಸವಣ್ಣನ ಬಗ್ಗೆ ಮಾತಾಡುತ್ತೇನೆ. ಇತಿಹಾಸದ ಬಸವಣ್ಣನವರಲ್ಲ, ನಾಟಕದ ಪಾತ್ರ.

ಗಿರೀಶ ಕಾರ್ನಾಡರ ‘ತಲೆದಂಡ’ ಪ್ರಕಟವಾದದ್ದು 1990ರಲ್ಲಿ. 1994ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆ ನಿಮಗೆಲ್ಲ ಬಾಯಿಪಾಠ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆ. ಪ್ರವಚನಗಳಲ್ಲಿ ನಾವು ಕೇಳಿದ ಬಸವಣ್ಣ ಈ ಸುದ್ದಿ ಕೇಳಿ ಹಿಗ್ಗುತ್ತಾನೆ. ಕಾರ್ನಾಡರ ಬಸವಣ್ಣ ಹಿಗ್ಗುವುದಿಲ್ಲ, ತಲ್ಲಣಿಸುತ್ತಾನೆ. ವರ್ಣಾಶ್ರಮದ ಬುಡಕ್ಕೇ ಏಟು ಬಿತ್ತೆಂದು ಸಂಪ್ರದಾಯಸ್ಥರು ಮೇಲೆ ಬೀಳುತ್ತಾರೆ, ಅಂಥ ಕ್ರಾಂತಿಗೆ ನಾವಿನ್ನೂ ಸಿದ್ಧರಾಗಿಲ್ಲ, ನಮ್ಮ ದುಡಿಮೆ ಸಾಲದು ಎಂಬುದು ಅವನ ಅಳಲು.

ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂದಿತ್ತು. ಇವನೆಂಥ ಬಸವಣ್ಣ ಎಂದು ಪುಸ್ತಕ ಮುಚ್ಚಿಟ್ಟಿದ್ದೆ.

ಸಿಟ್ಟು ಇಳಿಯಲು ಬಹಳ ವರ್ಷ ಬೇಕಾದವು. ಇಳಿಸಿದ್ದು ನನ್ನ ಕಸುಬು. ಸ್ಲ್ಯಾಬ್ ಹಾಕಿದ ಮರುದಿನ ನಾವು ಸೆಂಟ್ರಿಂಗ್ ಬಿಚ್ಚುವುದಿಲ್ಲ. ನೀರುಣಿಸುತ್ತೇವೆ. ಕಾಂಕ್ರೀಟಿನ ಬಲವನ್ನು ಲೆಕ್ಕ ಹಿಡಿಯುವುದು 28 ದಿನಕ್ಕೆ. ಅದಕ್ಕೂ ಮೊದಲು ಯಾರಾದರೂ ಅದರ ಮೇಲೆ ಭಾರ ಹೇರಿದರೆ ಸೈಟಿನ ಎಂಜಿನಿಯರ್ ಕೂಗಾಡುತ್ತಾನೆ. ಅದು ಹೇಡಿತನವೇ? ಕೆಳಗೆ ಮಂದಿ ಇದ್ದಾರೆಂಬ ಎಚ್ಚರ ಅದು. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಏರುತ್ತದೆಂದು ಅಂಜಿದ್ದಕ್ಕೇ ತಾನೆ ಕೂಡಲಸಂಗಮದ ಐಕ್ಯಮಂಟಪದ ಸುತ್ತ ಬಾವಿಯಂಥ ಗೋಡೆ ಎದ್ದದ್ದು? ಇವತ್ತು ನಾವು ಮೆಟ್ಟಿಲಿಳಿದು ಹೋಗಿ ಹಣೆ ಮಣಿಯುತ್ತೇವೆ. ಅಂಜಿಕೆ ಕಟ್ಟಿದ ಗೋಡೆ ಅದು.

ಆದರೆ ಅಂಜಿದವರೆಲ್ಲ ನಿಲ್ಲುವುದಿಲ್ಲ. ನಾಟಕದ ಬಸವಣ್ಣನಿಗೆ ಮುಂದಾಗುವುದು ಕಾಣುತ್ತದೆ. ಕಂಡೂ ಆ ಮದುವೆಯ ಪರವಾಗಿ, ತನ್ನನ್ನು ಇಷ್ಟು ದಿನ ಕಾಯ್ದ ಬಿಜ್ಜಳನ ಎದುರೇ ನಿಲ್ಲುತ್ತಾನೆ. ಕಾಣದವನಿಗೆ ಅದು ಸುಲಭ. ಲೆಕ್ಕ ಬಲ್ಲವನಿಗೆ ಕಷ್ಟ. ಎರಡೂ ಮನೆಯ ತಂದೆಯರಿಗೆ ಎಳೆಹೂಟೆ ಶಿಕ್ಷೆಯಾಯಿತು. ಅವನ ಅಂಜಿಕೆ ಸುಳ್ಳಾಗಲಿಲ್ಲ, ನಿಲುವೂ ಸುಳ್ಳಾಗಲಿಲ್ಲ. ಬಸವಣ್ಣನವರನ್ನು ಹೀಗೆ ಚಿತ್ರಿಸಬಾರದಿತ್ತು ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ. ಆದರೆ ಅಂಜಿಕೆಯೇ ಇಲ್ಲದ ಬಸವಣ್ಣನನ್ನು ನಾನು ಪೂಜಿಸಬಲ್ಲೆ, ಹಿಂಬಾಲಿಸಲಾರೆ. ನಾನು ಅಂಜುವ ಮನುಷ್ಯ.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಹಿರಿ ಮಗಳು ತಾನು ಮೆಚ್ಚಿದ ಹುಡುಗನ ವಿಷಯ ತಿಳಿಸಿದಳು. ಹುಡುಗ ಹರಳಯ್ಯನ ಕುಲದವನು. ಎಷ್ಟೋ ವೇದಿಕೆಗಳಲ್ಲಿ ಇದೇ ಮದುವೆಯ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದ ನನಗೆ ಅವತ್ತು ಬಾಯಿ ಒಣಗಿತು. ಅಣ್ಣತಮ್ಮಂದಿರು ಏನಂದಾರು? ಕಿರಿಯವಳಿಗೆ ಗಂಡು ಸಿಕ್ಕೀತೇ? ‘ಒಂದೆರಡು ವರ್ಷ ತಡೆಯೋಣ’ ಎಂದೆ. ನೋಡಿ, ನಾನೂ ಕ್ಯೂರಿಂಗ್ ನೆಪ ಹೂಡಿದೆ! ಎಚ್ಚರ ಯಾವುದು, ನೆಪ ಯಾವುದು ಎಂಬುದು ಆಡುವವನಿಗೆ ಒಳಗೇ ಗೊತ್ತಿರುತ್ತದೆ.

ಮನೆಯವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಂದರು: “ಸಣ್ಣಾಕಿ ಇದ್ದಾಗಿಂದ ಆಕಿ ಕಡೆ ವಚನಾ ಅನಿಸೀರಿ. ಈಗ ಆಕಿ ಅದನ್ನ ಖರೇ ಮಾಡಾಕ ಹೊಂಟಾಳ. ನನಗೂ ಅಂಜಿಕಿ ಐತ್ರಿ. ಅಂಜಕೋತನ ಹೋಗೂಣು, ನಡೀರಿ.”

ಅಂಜುತ್ತಲೇ ಹೋದೆವು. ಮಠದ ಅಂಗಳದಲ್ಲಿ ವಚನ ಮಾಂಗಲ್ಯ. ನಮ್ಮ ಕಡೆಯಿಂದ ಬಂದವರು ಹದಿನೇಳು ಮಂದಿ. ಎಂಜಿನಿಯರ್ ಅಲ್ಲವೇ, ಎಣಿಸಿದ್ದೆ. ಅಳಿಯನ ಹಣೆಗೆ ವಿಭೂತಿ ಹಚ್ಚುವಾಗ ನನ್ನ ಕೈ ನಡುಗುತ್ತಿತ್ತು. ಬೀಗರು ಅದನ್ನು ನೋಡಿ ಪಕ್ಕಕ್ಕೆ ಬಂದು ನನ್ನ ಕೈ ಹಿಡಿದುಕೊಂಡರು. ಅವರ ಕೈ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು. ಈ ಮದುವೆಯಲ್ಲಿ ಅಂಜಿಕೆಯ ದೊಡ್ಡ ಪಾಲು ಹೊತ್ತವರು ಅವರು ಎಂಬುದು ಆ ಗಳಿಗೆಯವರೆಗೆ ನನಗೆ ಹೊಳೆದೇ ಇರಲಿಲ್ಲ.