ನಿದ್ದೆಯ ಲೆಕ್ಕ ಬರೆಯುವ ಗಡಿಯಾರ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ನಿದ್ದೆ ಅರೆಯಾಗುವುದು ತಮಗೆ ಗೊತ್ತೇ ಇದೆ. ಈಗ ಆ ನಿದ್ದೆಗೂ ಲೆಕ್ಕ ಬರೆಯುವ ಕೈಗಡಿಯಾರ ಬಂದಿದೆ. ಅದು ಅಳೆಯುವುದು ಕೈಯ ಅಲುಗಾಟವನ್ನು, ಬೆಳಕು ಹಾಯಿಸಿ ನಾಡಿಯನ್ನು, ಮಿಕ್ಕದ್ದು ಊಹೆ. ಯಕ್ಷಗಾನದ ಮುಂದೆ ಅಲುಗದೆ ಕುಳಿತವರನ್ನೂ ಮಲಗಿದರೆಂದು ಬರೆದೀತು! ಗಾಢನಿದ್ರೆ ಇಷ್ಟೇ ನಿಮಿಷವೆಂಬ ಅಂಕಿಯನ್ನು ಪೂರಾ ನಂಬಬೇಡಿ. ಅದಕ್ಕೆ ತಲೆಗೆ ತಂತಿ ಹಚ್ಚಿ ಮಿದುಳಿನ ವಿದ್ಯುತ್ತನ್ನೇ ನೋಡಬೇಕು. ಕೊಳ್ಳುವುದಾದರೆ ಬ್ಯಾಟರಿ ಹಲವು ದಿನ ಬಾಳುವುದನ್ನೇ ಕೊಳ್ಳಿ. ಮಳೆಗಾಲದ ಕರೆಂಟಿನ ಪಾಡು ಹೇಳಬೇಕೆ? ಮಲಗಿದ, ಎದ್ದ ವೇಳೆಗಳನ್ನು ವಾರಕ್ಕೊಮ್ಮೆ ನೋಡಿದರೆ ಸಾಕು. ಅಂಕ ಕಡಿಮೆಯೆಂಬ ಚಿಂತೆಯಿಂದಲೇ ನಿದ್ದೆಗೆಟ್ಟವರಿದ್ದಾರೆ. ಈ ಪೀಡೆಗೆ ಅಮೆರಿಕದ ಸಂಶೋಧಕರು 2017ರಲ್ಲಿ ‘ಆರ್ಥೋಸೋಮ್ನಿಯಾ’ ಎಂದು ಹೆಸರಿಟ್ಟರು. ಆದರೆ ಗೊರಕೆಯ ನಡುವೆ ಉಸಿರು ಕಟ್ಟುವುದನ್ನು ಮಗ್ಗುಲಲ್ಲಿದ್ದವರು ಕಂಡರೆ, ಗಡಿಯಾರ ಏನೇ ಹೇಳಲಿ, ವೈದ್ಯರಲ್ಲಿಗೆ ಹೋಗಿ.