ಗಾಳ, ಅಸಲು ಮತ್ತು ಬಡ್ಡಿ
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗೆ ನಮ್ಮನ್ನು ಕರೆದಾಗ ಕಾರ್ಯದರ್ಶಿಗಳು, "ನೀವು ಬ್ಯಾಂಕಿನವರು, ಉಳಿತಾಯದ ಬಗೆಗೆ ನಾಲ್ಕು ಮಾತು ಹೇಳಿ" ಎಂದರು. ವಾರವೆಲ್ಲ ಕೇಳುವ ಉಪದೇಶ ಭಾನುವಾರವೂ ಏತಕ್ಕೆಂದು ನಾವು ವಿಷಯವನ್ನೇ ಬದಲಾಯಿಸಿ, ಮೀನಿನ ಗಾಳದ ಬಗೆಗೆ ಮಾತಾಡುತ್ತೇವೆ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ, ಆದರೆ ಸಭೆಯಲ್ಲಿ ಸಸ್ಯಾಹಾರಿಗಳೂ ಇರುತ್ತಾರೆ" ಎಂದು ಎಚ್ಚರಿಸಿದರು. ಅಂಥ ಹಿರಿಯರಿಗೆ ಮೊದಲೇ ಅಭಯ ಕೊಡುತ್ತೇವೆ: ನಮ್ಮ ಮಾತಿನ ಕೊನೆಗೆ ಮೀನು ನೀರಿಗೇ ಮರಳುತ್ತದೆ. ಉಳಿತಾಯದ ಮಾತೂ ಹೇಗೋ ಬಂದೇ ಬರುತ್ತದೆ.

ನಾವು ಎಂದರೆ ಗೌರವದ ಬಹುವಚನವಲ್ಲ, ನಿಜವಾಗಿಯೂ ಮೂವರು. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ಒಂದು ಹಳೆಯ ಚಾಳಿನ ಮೂರನೆಯ ಮಾಳಿಗೆಯಲ್ಲಿ ಒಂದೇ ಕೋಣೆಯನ್ನು ಹಂಚಿಕೊಂಡವರು. ಮೂವರೂ ಬಿ.ಕಾಂ., ಮೂವರೂ ಗುಮಾಸ್ತರು. ಇಬ್ಬರು ಕುಂದಾಪುರದ ಕಡೆಯವರು, ಒಬ್ಬರು ಧಾರವಾಡದವರು. ಧಾರವಾಡದವರು ಸಮುದ್ರವನ್ನು ಮೊದಲು ಕಂಡದ್ದು ಗಿರಗಾಂವ್ ಚೌಪಾಟಿಯಲ್ಲಿ. ಆದರೂ ಗಾಳ ಹಾಕುವುದರಲ್ಲಿ ಈಗ ಅವರದೇ ಮೇಲುಗೈ. ನದಿಯ ದಂಡೆಯಲ್ಲಿ ಹುಟ್ಟಿದವರಿಗಿಂತ ನದಿಯನ್ನು ಹುಡುಕಿಕೊಂಡು ಬಂದವರಿಗೆ ತಾಳ್ಮೆ ಹೆಚ್ಚು.

ನಮ್ಮ ಪಾಠಶಾಲೆ ಪವಾಯಿ ಕೆರೆ. 1891ರಲ್ಲಿ ಊರಿಗೆ ಕುಡಿಯುವ ನೀರಿಗೆಂದು ಕಟ್ಟಿದ ಕೆರೆ ಅದು. ನೀರು ಕುಡಿಯಲು ಒಗ್ಗಲಿಲ್ಲ, ಮೀನಿಗೆ ಒಗ್ಗಿತು. ಹಿಂದೆ ಬಾಂಬೆ ಪ್ರೆಸಿಡೆನ್ಸಿ ಆಂಗ್ಲಿಂಗ್ ಅಸೋಸಿಯೇಷನ್ ಎನಿಸಿಕೊಂಡು, ಈಗ ಮಹಾರಾಷ್ಟ್ರ ರಾಜ್ಯದ ಹೆಸರು ಹೊತ್ತ ಗಾಳಗಾರರ ಸಂಸ್ಥೆ ಅಲ್ಲಿದೆ. ಸದಸ್ಯರೊಬ್ಬರ ಅತಿಥಿಗಳಾಗಿ ನಾವು ಹೋಗುತ್ತಿದ್ದೆವು. ಭಾನುವಾರ ಬೆಳಗಿನ ಲೋಕಲಿನಲ್ಲಿ ಕೋಲಿನ ಚೀಲ ಹಿಡಿದು ಅಂಧೇರಿಯವರೆಗೆ ನಿಂತೇ ಪಯಣ. "ಪರದೆ ಕಟ್ಟುವ ಕೋಲೇ? ಎಷ್ಟಕ್ಕೆ ಕೊಟ್ಟರು?" ಎಂದು ಕೇಳದ ಸಹಪ್ರಯಾಣಿಕರಿಲ್ಲ. ಕೆರೆಯ ದಂಡೆಯಲ್ಲಿ ಹಿಟ್ಟಿನ ಉಂಡೆ ಕಟ್ಟಿ, ಬೆಂಡು ತೇಲಿಬಿಟ್ಟು, ರೋಹು ಕಟ್ಲಾಗಳ ದಾರಿ ಕಾಯುವುದು. ಕೆರೆಯಲ್ಲಿ ಮೊಸಳೆಗಳೂ ಇರುವುದರಿಂದ ನಿದ್ದೆ ಬರುವ ಭಯವಿಲ್ಲ.

ಉಪಕರಣದ ವಿಷಯ ಒಂದೆರಡು ಮಾತು. ಕೋಲು ಏಳಡಿ ಉದ್ದದ್ದು, ಎರಡು ತುಂಡಾಗಿ ಬಿಚ್ಚುವಂಥದು. ನಮ್ಮ ಹಿರಿಯರ ಬಿದಿರಿನ ಬದಲು ಈಗ ಗಾಜಿನ ನಾರು, ಇಂಗಾಲದ ನಾರು ಬಂದಿವೆ. ಅದಕ್ಕೊಂದು ರೀಲು, ರೀಲಿಗೊಂದು ಬ್ರೇಕು. ಮೀನು ಬಲವಾಗಿ ಎಳೆದಾಗ ದಾರ ಕಡಿಯದೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುವಂತೆ ಮಾಡುವುದು ಅದರ ಕೆಲಸ. ದಾರ ತಾಳುವ ಭಾರದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಅದನ್ನು ಬಿಗಿಯಬಾರದು. ಸಾಲ ವಸೂಲಿಯ ಅನುಭವವುಳ್ಳ ನಮಗೆ ಇದು ಬೇಗ ಅರ್ಥವಾಯಿತು. ಪೂರಾ ಬಿಗಿದರೆ ಸಾಲಗಾರನೂ ಹೋದ, ಕಂತೂ ಹೋಯಿತು.

ಕೆರೆಯಲ್ಲಿ ಅಕ್ಷರ ಕಲಿತ ಮೇಲೆ ಕಾವ್ಯ ಓದಲು ಊರಿಗೆ ಹೋದೆವು. ಅಮೆರಿಕದವರು ಬಾಸ್ ಎಂಬ ಮೀನಿನ ಹೆಸರಿನಲ್ಲಿ ದೊಡ್ಡ ದೊಡ್ಡ ಪಂದ್ಯಗಳನ್ನು ನಡೆಸುವುದನ್ನು ನೀವು ಕೇಳಿರಬಹುದು. ಅವರದು ಸಿಹಿನೀರಿನ ಬೇರೆ ಜಾತಿ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಇರುವುದು ಏಷ್ಯದ ಸಮುದ್ರ ಬಾಸ್. ನಾವದನ್ನು ಕುರುಡಿ ಎನ್ನುತ್ತೇವೆ. ಅಲಿಬಾಗ್ ಕಡೆಯ ಮರಾಠಿ ಜನ ಜಿತಾಡ ಎನ್ನುತ್ತಾರೆ. ಆಸ್ಟ್ರೇಲಿಯದವರು ಬರಮಂಡಿ ಎನ್ನುತ್ತಾರೆ. ಐದು ನದಿಗಳು ಕೂಡಿ ಕಡಲು ಸೇರುವ ಗಂಗೊಳ್ಳಿಯ ಪಂಚಗಂಗಾವಳಿಯಲ್ಲಿ ಅದು ನಮಗೆ ಬಾಲ್ಯದ ಪರಿಚಯ.

ಕುರುಡಿಯನ್ನು ಹಿಡಿಯಲು ಗಡಿಯಾರಕ್ಕಿಂತ ನೀರಿನ ಇಳಿತ ಭರತಗಳನ್ನು ನೋಡಬೇಕು. ಇಳಿತ ಶುರುವಾದಾಗ ಸಣ್ಣ ತೋಡುಗಳಿಂದ ಸಿಗಡಿ, ಮರಿಮೀನುಗಳು ಹೊಳೆಗೆ ಇಳಿದು ಬರುತ್ತವೆ. ಕುರುಡಿ ಸೇತುವೆಯ ಕಂಬದ ಮರೆಯಲ್ಲೋ ಕಾಂಡ್ಲಾ ಬೇರುಗಳ ನೆರಳಿನಲ್ಲೋ ಅವಕ್ಕಾಗಿ ಕಾದಿರುತ್ತದೆ. ಹುಸಿಮೀನನ್ನು ಕಂಬದಾಚೆ ಎಸೆದು, ರೀಲನ್ನು ಎರಡು ಸುತ್ತು ತಿರುಗಿಸಿ ಒಂದು ಕ್ಷಣ ನಿಲ್ಲಿಸಬೇಕು. ಮತ್ತೆ ಎರಡು ಸುತ್ತು, ಮತ್ತೆ ನಿಲುಗಡೆ. ಕಚ್ಚುವುದು ಸಾಮಾನ್ಯವಾಗಿ ನಿಂತಾಗಲೇ. ಅದರ ಕಿವಿರಿನ ಅಂಚು ಬ್ಲೇಡಿನಂತಿರುವುದರಿಂದ ದಾರದ ತುದಿಗೆ ಒಂದು ಮಾರು ದಪ್ಪ ನೈಲಾನು ಕಟ್ಟದಿದ್ದರೆ ದಾರ ಕೊಯ್ದುಹೋಗುತ್ತದೆ. ಕಚ್ಚಿದ ಮೀನು ನೀರಿನಿಂದ ಮೇಲಕ್ಕೆ ಹಾರಿ ತಲೆ ಒದರಿ ಗಾಳವನ್ನು ಉಗುಳಲು ನೋಡುತ್ತದೆ. ಆಗ ಕೋಲಿನ ತುದಿಯನ್ನು ಕೆಳಕ್ಕೆ ಬಾಗಿಸಬೇಕು. ಇಷ್ಟನ್ನು ಕಲಿಯಲು ನಮಗೆ ಮೂರು ಬೇಸಗೆ ಬೇಕಾದವು.

2022ರ ಮೇ ತಿಂಗಳ ಕೊನೆಗೆ ಊರ ಹತ್ತಿರ ಒಂದು ಗಾಳದ ಸ್ಪರ್ಧೆ ನಡೆಯಿತು. ತಂಡಕ್ಕೆ ಮೂವರು, ಬೆಳಗಿನ ಆರರಿಂದ ಮಧ್ಯಾಹ್ನ ಹನ್ನೆರಡರವರೆಗೆ, ಎಲ್ಲಕ್ಕೂ ಭಾರದ ಒಂದು ಮೀನು ತಂದವರಿಗೆ ಬಹುಮಾನ. ಹತ್ತೂವರೆಗೆ ಧಾರವಾಡದವರ ಕೋಲು ಬಾಗಿತು. ಇಪ್ಪತ್ತು ನಿಮಿಷ ನಾವು ಮೂವರೂ ಕಿರುಚಿದ್ದೇ ಕಿರುಚಿದ್ದು. ತೂಕ ಎಂಟು ಕಿಲೋ ನಾನೂರು ಗ್ರಾಂ. ನಮಗೆ ಎರಡನೆಯ ಬಹುಮಾನ ಬಂದಿತು: ಕೊರಳಿಗೆ ಹಾರ, ಕೈಗೊಂದು ಮಿಕ್ಸಿ.

ಸಂಜೆ ನಮ್ಮಲ್ಲೊಬ್ಬರ ದೊಡ್ಡಮ್ಮ ಹಿತ್ತಿಲಿನಲ್ಲಿ ಮೀನು ಕೊಯ್ಯಲು ಕುಳಿತರು. ನಾವು ಪಕ್ಕದಲ್ಲಿ ನಿಂತು ಪರಾಕ್ರಮ ವರ್ಣಿಸುತ್ತಿದ್ದೆವು. ಅವರು ಕೈ ನಿಲ್ಲಿಸಿ, "ಇದ್ ಬಸ್ರಿ ಮೀನ್ ಮಕ್ಳೇ. ಹೊಟ್ಟಿ ತುಂಬ ಮೊಟ್ಟಿ ಇತ್ತ್ ಕಾಣಿ" ಎಂದರು. ಬೈಯಲಿಲ್ಲ. ಅಷ್ಟು ಹೇಳಿ ಮತ್ತೆ ಕೆಲಸಕ್ಕೆ ತೊಡಗಿದರು. ಆ ರಾತ್ರಿಯ ಊಟದಲ್ಲಿ ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ಮುಂಬಯಿಗೆ ಮರಳಿದ ಮೇಲೆ ಓದಿ ತಿಳಿದುಕೊಂಡೆವು. ಕುರುಡಿ ಸಾಮಾನ್ಯವಾಗಿ ಗಂಡಾಗಿಯೇ ಬೆಳೆಯುತ್ತದೆ. ಕೆಲವು ವರ್ಷ ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಮಳೆಗಾಲದಲ್ಲಿ ಅಳಿವೆಯ ಬಾಯಿಗೆ ಬಂದು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಎಂದಮೇಲೆ ಹೊಳೆಯಲ್ಲಿರುವ ದೊಡ್ಡ ಕುರುಡಿಗಳೆಲ್ಲ ಹೆಚ್ಚುಕಡಿಮೆ ತಾಯಂದಿರೇ. ಎಲ್ಲಕ್ಕೂ ಭಾರದ ಮೀನಿಗೆ ಬಹುಮಾನವೆಂದರೆ, ತಾಯಿಯನ್ನು ಹುಡುಕಿ ಕೊಂದವರಿಗೆ ಬಹುಮಾನವೆಂದೇ ಅರ್ಥವಾಯಿತು. ಬ್ಯಾಂಕಿನ ಭಾಷೆಯಲ್ಲಿ ಹೇಳಬೇಕೆಂದರೆ, ಮರಿಮೀನುಗಳು ಬಡ್ಡಿ. ಆ ತಾಯಿ ಅಸಲು. ಠೇವಣಿಯನ್ನು ಮುರಿದು ತಿನ್ನಬೇಡಿರೆಂದು ವರ್ಷವಿಡೀ ಕೌಂಟರಿನಲ್ಲಿ ಹೇಳುವ ನಾವೇ ಹೊಳೆಯ ಠೇವಣಿ ಮುರಿದು ಮಿಕ್ಸಿ ತಂದಿದ್ದೆವು.

ಈ ಲೆಕ್ಕ ಬೇರೆಯವರಿಗೆ ಮೊದಲೇ ತಿಳಿದಿತ್ತು. ಅಮೆರಿಕದಲ್ಲಿ ರೇ ಸ್ಕಾಟ್ ಎಂಬಾತ 1967ರಲ್ಲಿ ಆರ್ಕನ್ಸಾ ಸಂಸ್ಥಾನದ ಬೀವರ್ ಸರೋವರದಲ್ಲಿ ಬಾಸ್ ಪಂದ್ಯ ಆರಂಭಿಸಿದ. 1972ರಲ್ಲಿ ಆತನೇ ಹಿಡಿದದ್ದನ್ನು ಕೊಲ್ಲಬೇಡಿರೆಂಬ ಕರೆ ಕೊಟ್ಟ. ದೋಣಿಯಲ್ಲೇ ನೀರಿನ ತೊಟ್ಟಿ ಇಟ್ಟು, ಮೀನನ್ನು ಜೀವಸಹಿತ ತೂಗಿ ಬಿಡುವ ಪದ್ಧತಿ ಬಂದಿತು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ನದಿಗಳಲ್ಲಿ 120 ಸೆಂಟಿಮೀಟರಿಗಿಂತ ಉದ್ದದ ಬರಮಂಡಿಯನ್ನು ಇಟ್ಟುಕೊಳ್ಳುವಂತಿಲ್ಲ. ನಮ್ಮ ನಾಡೂ ಹಿಂದಿಲ್ಲ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಥಾಮಸ್ ಸಾಹೇಬರು ಬರೆದ, ಗಾಳದ ಬಗೆಗಿನ ಪ್ರಸಿದ್ಧ ಇಂಗ್ಲಿಷ್ ಪುಸ್ತಕ 1873ರಲ್ಲಿ ಅಚ್ಚಾದದ್ದೇ ಮಂಗಳೂರಿನಲ್ಲಿ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಮುಂದೆ ಕಾವೇರಿಯ ಭೀಮೇಶ್ವರಿಯಂಥ ಶಿಬಿರಗಳಲ್ಲಿ ರಾಗಿ ಹಿಟ್ಟಿನ ಉಂಡೆ ಕಟ್ಟಿ ಮಹಶೀರ್ ಹಿಡಿದು, ತೂಗಿ, ಬಿಡುವ ಸಂಪ್ರದಾಯ ಬೆಳೆಯಿತು. ಆದರೂ ಕಾವೇರಿಯ ಆ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜಾತಿಗಳ ಪಟ್ಟಿ ಸೇರಿತು. ಗಾಳಗಾರರ ಸಂಯಮವೊಂದೇ ನದಿಯನ್ನು ಕಾಯಲಾರದು ಎಂಬುದೂ ಇದರಿಂದ ತಿಳಿಯುತ್ತದೆ.

ಎರಡು ವರ್ಷಗಳ ಮೇಲೆ ಅದೇ ಸ್ಪರ್ಧೆಗೆ ಮತ್ತೆ ಹೋದೆವು. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದೆವು. ಅಳತೆಗೆ ಹಲಗೆಯೊಂದರ ಮೇಲೆ ಗುರುತು ಹಾಕಿಕೊಂಡಿದ್ದೆವು. ಉದ್ದ ಅಳೆದು ಫೋಟೋ ತೋರಿಸಿದರೆ ಒಪ್ಪುವಿರಾ ಎಂದು ಕೇಳಿದ್ದಕ್ಕೆ, "ಮೀನು ತಕ್ಕಡಿಗೆ ಬಂದರೆ ಲೆಕ್ಕ, ಇಲ್ಲವಾದರೆ ಕಥೆ" ಎಂದರು. ಒಂಬತ್ತು ಗಂಟೆಗೆ ಮೀನು ಸಿಕ್ಕಿತು: 97 ಸೆಂಟಿಮೀಟರು. ಹಿಂದಿನದಕ್ಕಿಂತ ದೊಡ್ಡದು, ಮೊದಲ ಬಹುಮಾನಕ್ಕೆ ಸಾಲುವಂಥದು. ಸುಳ್ಳು ಹೇಳಬಾರದು, ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕುಂದಾಪುರದ ನಾವಿಬ್ಬರು ಊರಿನವರ ಮುಂದೆ ತಲೆಯೆತ್ತುವ ಆಸೆಯಿಂದ ಅನುಮಾನಿಸುತ್ತಿರುವಾಗ ಧಾರವಾಡದವರು, "ಮಿಕ್ಸರ್ ಒಂದು ಐತಲ್ರೀ, ಇನ್ನೊಂದು ಏನ್ ಮಾಡೂದೈತಿ?" ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಬಿಡುವುದಕ್ಕೂ ಕ್ರಮವಿದೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಒಣಗೈಗೆ ಅದರ ಮೈಯ ಲೋಳೆ ಹೋಗುತ್ತದೆ. ಕಿವಿರಿಗೆ ಬೆರಳು ಹಾಕಿ ತೂಗುಹಾಕಬಾರದು. ಹೊಟ್ಟೆಯ ಕೆಳಗೆ ಎರಡೂ ಕೈ ಕೊಡಬೇಕು. ನಾವು ಉಸಿರು ಬಿಗಿಹಿಡಿಯಬಲ್ಲಷ್ಟು ಹೊತ್ತೇ ಅದನ್ನು ನೀರಿನಾಚೆ ಇಡಬೇಕು. ಆಮೇಲೆ ನೀರಿನ ಸೆಳೆತಕ್ಕೆ ಮುಖ ಮಾಡಿಸಿ, ಅದು ತಾನಾಗಿ ಬಾಲ ಬೀಸುವವರೆಗೆ ಹಿಡಿದಿರಬೇಕು. ನಮ್ಮ ಮೀನು ಬಾಲದಿಂದ ಮುಖಕ್ಕೆ ನೀರೆರಚಿ ಹೋಯಿತು. ಬಹುಮಾನವಿಲ್ಲ, ಹಾರವಿಲ್ಲ. ಮರುದಿನ ಅದು ಯಾರದೋ ಬಲೆಗೆ ಬಿದ್ದಿರಲೂಬಹುದು. ಬಿದ್ದಿದ್ದರೆ ಆ ಬೆಸ್ತರ ಮೇಲೆ ನಮ್ಮ ದೂರಿಲ್ಲ. ಅವರದು ಹೊಟ್ಟೆಯ ಪಾಡು. ಅವರಲ್ಲೂ ಯಾಂತ್ರಿಕ ದೋಣಿಯವರು ಜೂನ್ ಜುಲೈಗಳಲ್ಲಿ ಸರ್ಕಾರದ ನಿಷೇಧಕ್ಕೆ ತಲೆಬಾಗಿ ದೋಣಿ ದಡಕ್ಕೆ ಎಳೆಯುತ್ತಾರೆ. ಸಂಬಳ ತಂದು ಮೋಜಿಗೆ ಹೊಳೆಗಿಳಿಯುವ ನಮ್ಮಂಥವರಿಗೆ ಆ ಹಕ್ಕಿಲ್ಲವೆಂದಷ್ಟೇ ನಮ್ಮ ಅಭಿಪ್ರಾಯ.

ಮಹನೀಯರೇ, ನಮ್ಮಲ್ಲಿ ಬಹುಮಂದಿ ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋಗುವವರು. ಹೋದಾಗ ಊರಿನಿಂದ ಏನಾದರೂ ತರುವುದೇ ವಾಡಿಕೆ: ಉಪ್ಪಿನಕಾಯಿ, ಹಪ್ಪಳ, ಕೊಬ್ಬರಿ ಎಣ್ಣೆ. ಅವನ್ನು ಧಾರಾಳವಾಗಿ ತನ್ನಿರಿ. ಊರಿನ ಅಸಲನ್ನು ಮಾತ್ರ ಅಲ್ಲಿಯೇ ಬಿಟ್ಟು ಬರೋಣ. ಆ ಮಿಕ್ಸಿ ನಮ್ಮ ಕೋಣೆಯಲ್ಲಿ ಇನ್ನೂ ಇದೆ. ದಿನವೂ ಬೆಳಿಗ್ಗೆ ಚಟ್ನಿ ಅರೆಯುತ್ತದೆ. ಅದರ ಸದ್ದು ಕೇಳಿದಾಗಲೆಲ್ಲ ದೊಡ್ಡಮ್ಮನ ಮಾತು ನೆನಪಾಗುತ್ತದೆ.

ಇಷ್ಟು ಹೊತ್ತು ನಮ್ಮ ಗಾಳಕ್ಕೆ ಸಿಕ್ಕಿಕೊಂಡು ಕುಳಿತಿದ್ದಿರಿ. ಈಗ ನಿಮ್ಮನ್ನೂ ಜೀವಸಹಿತ ಬಿಡುತ್ತೇವೆ.